ಸಮುದ್ರದ ದಂಡೆಗೆ ಹೂಡಿದ ಮಗ್ಗ

ಸಮುದ್ರದ ದಂಡೆಯಲ್ಲಿ ಕುಣಿಮಗ್ಗ ಹೂಡಲು ಬರುವುದಿಲ್ಲ ಎಂಬುದು ನಮಗೆ ಮೊದಲ ದಿನವೇ ಗೊತ್ತಾಯಿತು. ನೆಲದಲ್ಲಿ ತಗ್ಗು ತೋಡಿ, ಕಾಲು ಅದರೊಳಗೆ ಇಳಿಬಿಟ್ಟು, ನೆಲದ ಮಟ್ಟಕ್ಕೆ ಕುಳಿತು ನೇಯುವ ಮಗ್ಗ ಅದು. ರಿಸಾರ್ಟಿನವರು ತೆಂಗಿನ ಮರಗಳ ನಡುವೆ ಒಂದು ಜಾಗ ತೋರಿಸಿ ಅಗೆಸಿದರು. ಮೊಣಕಾಲಷ್ಟು ಆಳಕ್ಕೆ ಹೋಗುವುದರೊಳಗೆ ನೀರು ಜಿನುಗಿತು. ಹತ್ತು ಹೆಜ್ಜೆ ಹಿಂದೆ ಸರಿದು ಮತ್ತೆ ಅಗೆಸಿದರು. ಅಲ್ಲಿಯೂ ನೀರೇ.

ನಾವು ಅಂದರೆ ನಾನು ಮತ್ತು ನನ್ನ ನೆಗೆಣ್ಣಿ, ನನ್ನ ಗಂಡನ ಅಣ್ಣನ ಹೆಂಡತಿ. ನಾನು ಆಕೆಯನ್ನು ಅಕ್ಕ ಎಂದೇ ಕರೆಯುತ್ತಿದ್ದೆ. ಭಾವ ತೀರಿಕೊಂಡು ಬಹಳ ವರ್ಷಗಳಾಗಿದ್ದವು, ಆಕೆಗೆ ಮಕ್ಕಳಿರಲಿಲ್ಲ. ಬನಹಟ್ಟಿಯ ನಮ್ಮ ಮನೆಯಲ್ಲಿ ನನ್ನ ಗಂಡ ನಾಲ್ಕು ಪವರ್‌ಲೂಮ್ ನಡೆಸುತ್ತಾರೆ. ಅವುಗಳ ಮಗ್ಗುಲಿಗೆ, ಒಂದು ಗೋಡೆಯ ಈಚೆ, ಅತ್ತೆಯ ಕಾಲದ ಕೈಮಗ್ಗವೊಂದು ಉಳಿದಿತ್ತು. ಅದನ್ನು ನಾವಿಬ್ಬರು ಬಿಟ್ಟಿರಲಿಲ್ಲ.

ನಾವು ನೇಯುವ ಸೀರೆಯಲ್ಲಿ ಒಡಲಿನ ಹಾಸು, ಅಂದರೆ ಉದ್ದಕ್ಕೆ ಎಳೆದ ನೂಲು, ಹತ್ತಿಯದು, ಸೆರಗಿನ ಹಾಸು ಕೃತಕ ರೇಷ್ಮೆಯದು. ಒಡಲು ಮುಗಿಯುವಲ್ಲಿ ಎರಡೂ ಹಾಸಿನ ಎಳೆಗಳನ್ನು ಒಂದೊಂದಾಗಿ ಕೊಂಡಿ ಹಾಕಿ ಜೋಡಿಸಬೇಕು. ಒಬ್ಬರು ಎಳೆ ಆರಿಸಿ ಹಿಡಿದು ಕೊಡಬೇಕು, ಇನ್ನೊಬ್ಬರು ಕೊಂಡಿ ಹಾಕಬೇಕು. ಸಾವಿರಾರು ಎಳೆ, ಅರ್ಧ ದಿನದ ಕೆಲಸ. ಬೆಳಗಾವಿಯ ಕೈಮಗ್ಗದ ಪ್ರದರ್ಶನದಲ್ಲಿ ನಾವು ಹೀಗೆ ಜೋಡಿಸುತ್ತಿದ್ದಾಗ ಒಬ್ಬ ಹೆಣ್ಣುಮಗಳು ಬಹಳ ಹೊತ್ತು ನಿಂತು ನೋಡಿದಳು. ಸಮುದ್ರ ದಂಡೆಗಳಲ್ಲಿ ರಿಸಾರ್ಟ್ ನಡೆಸುವ ಕಂಪನಿಯ ಮ್ಯಾನೇಜರ್ ಆಕೆ. ವಿಶ್ರಾಂತಿಗೆಂದು ಬರುವ ಅತಿಥಿಗಳಿಗೆ ಎದುರಿಗೇ ನೇಯ್ಗೆ ತೋರಿಸಬೇಕು, ದೀಪಾವಳಿ ಮುಗಿದ ಮೇಲೆ ಮೂರು ತಿಂಗಳು ಕುಮಟಾ ಕಡೆ ಬರುವಿರಾ ಎಂದು ಕೇಳಿದಳು. ಅಕ್ಕ ಸಮುದ್ರ ನೋಡಿರಲಿಲ್ಲ. ನನ್ನ ಗಂಡ ಎರಡು ದಿನ ಮಾತಾಡಲಿಲ್ಲ, ಮೂರನೆಯ ದಿನ ತಾವೇ ಮಗ್ಗ ಬಿಚ್ಚಿ, ಒಂದೊಂದು ಕಟ್ಟಿಗೆಗೂ ಗುರುತು ಹಾಕಿ ಗಾಡಿಗೆ ಹೇರಿದರು.

ಹಾಗೆ ಬಂದು, ನೀರು ತುಂಬಿದ ಎರಡು ತಗ್ಗುಗಳ ಮುಂದೆ ನಿಂತಿದ್ದೆವು. ಮ್ಯಾನೇಜರ್ ಮುಖ ಸಣ್ಣದು ಮಾಡಿಕೊಂಡಿದ್ದಳು. ಅಕ್ಕ ತಗ್ಗಿನ ಸುತ್ತ ಒಂದು ಸುತ್ತು ಹಾಕಿದಳು.

“ತಗ್ಗ ತಗಿಯಾಕ ಬರ್ಲಿಲ್ಲಂದ್ರ ಕಟ್ಟಿ ಏರಸೂಣ ಬಿಡ್ರಿ,” ಎಂದಳು.

ಬಡಗಿ ಎರಡು ದಿನ ಕುಳಿತು, ಸೊಂಟದೆತ್ತರದ ಹಲಗೆಕಟ್ಟೆ ಮಾಡಿ, ನಡುವೆ ಕಾಲು ಇಳಿಬಿಡಲು ಚೌಕ ಕತ್ತರಿಸಿಕೊಟ್ಟ. ಅದರ ಮೇಲೆ ಮಗ್ಗ ಕೂತಿತು. ಆದರೆ ಹಾಸು ನಮ್ಮ ಮಾತು ಕೇಳಲಿಲ್ಲ. ಊರಲ್ಲಿ ಗಂಜಿ ಹಚ್ಚಿದ ಹಾಸು ಬಿಸಿಲಿಗೆ ಒಂದು ತಾಸಿನಲ್ಲಿ ಒಣಗುತ್ತದೆ. ಇಲ್ಲಿ ಮಧ್ಯಾಹ್ನವಾದರೂ ಕೈಗೆ ಅಂಟುತ್ತಿತ್ತು, ನಾಲ್ಕನೆಯ ದಿನಕ್ಕೆ ಬೂಸ್ಟು ಬಂತು. ಗಂಜಿ ಅರ್ಧಕ್ಕೆ ಇಳಿಸಿ, ತುಸು ಬೇವಿನೆಲೆ ಕುದಿಸಿದ ನೀರು ಬೆರೆಸಿ, ಅಡುಗೆಮನೆಯ ಹಿಂದಿನ ಬಿಸಿಗಾಳಿಯಲ್ಲಿ ಹಾಸು ಒಣಗಿಸಿದೆವು. ಒಂದು ಅನುಕೂಲವೂ ಇತ್ತು. ನಮ್ಮ ಕಡೆ ಒಣಗಾಳಿಗೆ ಹತ್ತಿಯ ಎಳೆ ಮೇಲಿಂದ ಮೇಲೆ ಹರಿಯುತ್ತದೆ, ಇಲ್ಲಿಯ ತಂಪಿಗೆ ಅದು ಗಟ್ಟಿಯಾಗಿ ನಿಂತಿತು. ಹರಿದದ್ದು ಸೆರಗಿನ ಕೃತಕ ರೇಷ್ಮೆ. ಆ ನೂಲು ಪಸೆ ತಾಗಿದರೆ ಬಲ ಕಳೆದುಕೊಳ್ಳುತ್ತದೆ. ಮೊದಲ ಸೆರಗನ್ನು ಮೂರು ಸಲ ಬಿಚ್ಚಿ ಜೋಡಿಸಿದೆವು. ಕೊನೆಗೆ ಅಕ್ಕ, ಸೆರಗಿನ ಕೆಲಸ ಬಿಸಿಲು ಏರಿದ ಮೇಲೆ ಮಾತ್ರ ಮಾಡುವುದು, ಉಳಿದ ಹೊತ್ತು ಅದನ್ನು ಪ್ಲಾಸ್ಟಿಕ್ಕಿನಲ್ಲಿ ಸುತ್ತಿಡುವುದು ಎಂದು ನೇಮ ಮಾಡಿದಳು. ಆ ಮೇಲೆ ಕೆಲಸ ಹಾದಿಗೆ ಬಂತು.

ಅತಿಥಿಗಳು ತಿಂಡಿ ಮುಗಿಸಿ ಬರುತ್ತಿದ್ದರು. ಲಾಳಿ ಎಸೆಯುವುದನ್ನು ನೋಡುತ್ತಿದ್ದರು, ಕೆಲವರು ತಾವೂ ಎರಡು ಎಳೆ ಹಾಕಿ ಫೋಟೋ ತೆಗೆಸಿಕೊಳ್ಳುತ್ತಿದ್ದರು. ನಂತರ ಹೋಗಿ ಉದ್ದ ಕುರ್ಚಿಗಳಲ್ಲಿ ಒರಗಿಬಿಡುತ್ತಿದ್ದರು. ದಿನಗಟ್ಟಲೆ ಏನೂ ಮಾಡದೆ ಸಮುದ್ರ ನೋಡುತ್ತ ಬಿದ್ದುಕೊಳ್ಳಲೆಂದೇ ಜನ ಇಷ್ಟು ದೂರ ಬರುತ್ತಾರೆ ಎಂಬುದು ನಮಗೆ ಹೊಸದು. ಅಕ್ಕನಿಗೆ ಮೊದಮೊದಲು ಅವರೆಲ್ಲ ಜಡ್ಡಿನಿಂದ ಎದ್ದವರಂತೆ ಕಂಡರು.

ಜಡ್ಡು ಇದ್ದದ್ದು ಆಕೆಗೆ. ಹತ್ತಿಯ ಧೂಳಿನಲ್ಲಿ ಮೂವತ್ತು ವರ್ಷ ಕಳೆದ ಎದೆ ಆಕೆಯದು. ಊರಲ್ಲಿ ಬೆಳಿಗ್ಗೆ ಎದ್ದರೆ ಅರ್ಧ ತಾಸು ಕೆಮ್ಮುತ್ತಿದ್ದಳು, ಅಟ್ಟದ ಮೆಟ್ಟಿಲು ಹತ್ತುವಾಗ ನಡುವೆ ನಿಲ್ಲುತ್ತಿದ್ದಳು. ನಮ್ಮಲ್ಲಿ ಅನೇಕರಿಗೆ ಹಾಗಿರುವುದರಿಂದ ಯಾರೂ ಅದನ್ನು ಜಡ್ಡು ಎಂದು ಕರೆದಿರಲಿಲ್ಲ. ದಂಡೆಗೆ ಬಂದು ಎರಡು ವಾರವಾದಾಗ, ಒಂದು ಬೆಳಿಗ್ಗೆ ನನಗೆ ಏನೋ ಕಡಿಮೆಯಾದಂತೆ ಅನಿಸಿತು. ಕೆಮ್ಮು ಕೇಳಿಸಿರಲಿಲ್ಲ. ಹೊರಗೆ ಬಂದು ನೋಡಿದರೆ ಅಕ್ಕ ದಂಡೆಯ ಕೊನೆಯ ಬಂಡೆಯ ತನಕ ನಡೆದು ಹೋಗಿ, ತಿರುಗಿ ಬರುತ್ತಿದ್ದಳು. ಎಲ್ಲಿಯೂ ನಿಂತಿರಲಿಲ್ಲ.

“ಉಸುರು ತಳಮಟ ಇಳಿಯಾಕತ್ತೈತಿ ಬೇ,” ಎಂದಳು. ಕೈಯಿಂದ ಎದೆಯ ಕೆಳಗೆ ತೋರಿಸಿ, “ಇಲ್ಲೀತನಾ.”

ಆಮೇಲೆ ದಿನಾ ಹೋದಳು. ಮುಖಕ್ಕೆ ಬಣ್ಣ ಬಂತು. ಐವತ್ತರ ಹತ್ತಿರದ ಹೆಣ್ಣುಮಗಳು, ಸೀರೆ ಮೊಣಕಾಲಿಗೆ ಎತ್ತಿ ಕಟ್ಟಿ ತೆರೆಯಲ್ಲಿ ನಿಲ್ಲುತ್ತಿದ್ದಳು.

ಮೂರನೆಯ ತಿಂಗಳ ನಡುವೆ ಮ್ಯಾನೇಜರ್ ಒಂದು ಮಾತು ತಂದಳು. ಕಂಪನಿಗೆ ಹೊರದೇಶದಲ್ಲಿಯೂ ರಿಸಾರ್ಟುಗಳಿವೆ, ಅಲ್ಲಿ ಎರಡು ವರ್ಷ ಇದ್ದು ಕೆಲಸ ಮಾಡುವ ಒಂದು ಜೋಡಿ ನೇಕಾರರು ಬೇಕು. ಶ್ರೀಲಂಕಾ, ಮಾಲ್ಡೀವ್ಸ್, ಮಾರಿಷಸ್, ಮೂರರಲ್ಲಿ ಒಂದನ್ನು ನಾವೇ ಆರಿಸಬಹುದು. ಫೋನಿನಲ್ಲಿ ಚಿತ್ರ ತೋರಿಸಿದಳು. ಮೂರು ಕಡೆಯೂ ಅದೇ ನೀಲಿ ನೀರು, ಅದೇ ಉದ್ದ ಕುರ್ಚಿ.

ಅಕ್ಕ ಚಿತ್ರ ನೋಡಿ ಮುಗಿಸಿ ಪ್ರಶ್ನೆ ಕೇಳಿದಳು. ಮಗ್ಗ ಒಳಗೆ ಹೂಡುತ್ತಾರೋ ಹೊರಗೋ, ದವಾಖಾನೆ ಎಷ್ಟು ದೂರ, ನಮ್ಮ ಮಾತು ತಿಳಿಯುವವರು ಒಬ್ಬರಾದರೂ ಇದ್ದಾರೋ. ಮ್ಯಾನೇಜರ್ ವಿಚಾರಿಸಿ ಎರಡು ದಿನ ಬಿಟ್ಟು ಹೇಳಿದಳು. ಮಾಲ್ಡೀವ್ಸಿನಲ್ಲಿ ರಿಸಾರ್ಟೇ ಒಂದು ನಡುಗಡ್ಡೆ, ದವಾಖಾನೆಗೆ ದೋಣಿ ಹತ್ತಬೇಕು, ಮಗ್ಗ ಇಡುವುದು ಎಸಿ ಹಾಕಿದ ಗಾಜಿನ ಹಾಲಿನಲ್ಲಿ. ಶ್ರೀಲಂಕಾ ಹತ್ತಿರ, ಆದರೆ ಮಗ್ಗಕ್ಕೆ ಇಟ್ಟ ಜಾಗ ಅಡುಗೆಮನೆಯ ಮಗ್ಗುಲಿಗೆ, ಹೊಗೆ ಬರಬಹುದು. ಮಾರಿಷಸ್ಸಿನಲ್ಲಿ ಸಮುದ್ರಕ್ಕೆ ಮುಖ ಮಾಡಿದ ತೆರೆದ ಪಡಸಾಲೆ, ಕಾರಿನಲ್ಲಿ ಸ್ವಲ್ಪ ದೂರಕ್ಕೆ ದವಾಖಾನೆ. ಅಲ್ಲಿ ಮರಾಠಿ ಮನೆತನಗಳೂ ಇವೆಯಂತೆ. ನಮ್ಮ ಪೇಟೆಯಲ್ಲಿ ಬಟ್ಟೆ ವ್ಯಾಪಾರಿಗಳೊಡನೆ ಮಾತಾಡಿ ಮಾತಾಡಿ ಮರಾಠಿ ನಮಗೆ ಬರುತ್ತಿತ್ತು.

ಅದೇ ವಾರದ ರಜೆಯ ದಿನ ಮ್ಯಾನೇಜರ್ ನಮ್ಮನ್ನು ದಂಡೆಗೆ ಕರೆದುಕೊಂಡು ಹೋಗಿ ಎರಡು ಉದ್ದ ಕುರ್ಚಿಗಳಲ್ಲಿ ಕೂಡ್ರಿಸಿ, ಇವತ್ತು ನೀವೂ ಅತಿಥಿಗಳು ಎಂದು ಎಳನೀರು ಕೊಡಿಸಿ ಹೋದಳು. ಅಕ್ಕ ಒರಗಲಿಲ್ಲ. ಕುರ್ಚಿಯ ಅಂಚಿಗೆ ಕುಳಿತಳು.

“ಕೈಯಾಗ ಏನರ ಕೊಡ ಬೇ. ಸುಮ್ನ ಕುಂದ್ರಾಕ ಆಗವಲ್ದು.”

ಕೊಡಲು ನನ್ನ ಬಳಿ ಏನೂ ಇರಲಿಲ್ಲ. ಸ್ವಲ್ಪ ಹೊತ್ತಿಗೆ ತಾನೇ ಕಾಲು ಮೇಲೆ ತೆಗೆದುಕೊಂಡಳು, ಬೆನ್ನು ಆನಿಸಿದಳು. ಕಣ್ಣು ಮುಚ್ಚಿ ಮಾತಾಡಿದಳು. ಅನಗವಾಡಿಯ ಹೊಳೆದಂಡೆಯಲ್ಲಿ ಹುಟ್ಟಿದವಳು ಆಕೆ, ನೀರಿನ ಸಪ್ಪಳ ಕೇಳಿ ಎಷ್ಟು ವರ್ಷವಾಯಿತೋ ಎಂದಳು. ಆಮೇಲೆ, “ನನ್ನ ಮದವಿ ಮಾಡುಮುಂದ ಯಾವ ಊರು ಅಂತ ಒಬ್ಬರೂ ಕೇಳಿರ್ಲಿಲ್ಲ. ಈಗ ಮೂರು ದೇಶ ಮುಂದಿಟ್ಟು ಯಾವ್ದ ಬೇಕು ಅಂತ ಕೇಳಾಕತ್ತಾರ,” ಎಂದಳು. ನಕ್ಕಳು. ಮಾರಿಷಸ್ ಎಂದು ತೀರ್ಮಾನ ಹೇಳಿ, ನಿದ್ದೆ ಹೋದಳು. ಹಗಲಿನಲ್ಲಿ ಆಕೆ ಮಲಗಿದ್ದನ್ನು ನಾನು ನೋಡಿದ್ದು ಅದೇ ಮೊದಲು.

ನಾವು ಊರಿಗೆ ಹೊರಡಲು ಮೂರು ದಿನವಿದ್ದಾಗ ಮ್ಯಾನೇಜರ್ ನನ್ನನ್ನು ಆಫೀಸಿಗೆ ಕರೆಸಿದಳು. ಯುಗಾದಿಯ ತನಕ ಕೋಣೆಗಳೆಲ್ಲ ತುಂಬಿವೆ, ಇನ್ನೊಂದು ತಿಂಗಳು ಇರುವಿರಾ, ಸಂಜೆಯೊಳಗೆ ಹೇಳಿ ಎಂದಳು. ಅಕ್ಕ ಆಗ ಕಟ್ಟೆಯ ಮೇಲೆ ಲಾಳಿಯ ಕಂಡಿಕೆಗೆ ನೂಲು ಸುತ್ತುತ್ತ ಕುಳಿತಿದ್ದಳು, ಆಫೀಸಿನ ಕಿಟಕಿಯಿಂದ ಕಾಣುತ್ತಿದ್ದಳು. ನಾನು ಹೊರಗೆ ಬಂದು ಆಕೆಯ ಕಡೆ ಹೋಗಲಿಲ್ಲ. ಅಡುಗೆಮನೆಯ ಹಿಂದೆ ನಿಂತು ಚಹಾ ಕುಡಿದೆ. ಮಗಳಿಗೆ ಜಮಖಂಡಿಯ ಕಾಲೇಜಿನಲ್ಲಿ ಪರೀಕ್ಷೆ ಹತ್ತಿರ ಬಂದಿತ್ತು. ಆಕೆ ಫೋನಿನಲ್ಲಿ ಯಾವಾಗ ಬರ್ತಿ ಎಂದು ದಿನಾ ಕೇಳುತ್ತಿದ್ದಳು. ನನಗೂ ಮನೆ ನೆನಪಾಗಿತ್ತು. ಅಕ್ಕನನ್ನು ಕೇಳಿದರೆ ಇರೋಣ ಎನ್ನುತ್ತಾಳೆ ಎಂದು ನನಗೆ ಗೊತ್ತಿತ್ತು. ಅದಕ್ಕೇ ಕೇಳಲಿಲ್ಲ. ಸಂಜೆ ಹೋಗಿ, ಆಗುವುದಿಲ್ಲ, ಪಾಸ್‌ಪೋರ್ಟಿನ ಕೆಲಸಕ್ಕೆ ಊರಿಗೆ ಹೋಗಲೇಬೇಕು ಎಂದೆ. ಅದು ಸುಳ್ಳೇನೂ ಅಲ್ಲ.

ಮಗ್ಗವನ್ನು ಗಾಡಿಯಲ್ಲಿ ಮುಂದೆ ಕಳಿಸಿ, ನಾವು ಹುಬ್ಬಳ್ಳಿಯಲ್ಲಿ ಬಸ್ಸು ಬದಲಿಸಿ ಮುಧೋಳದ ಮೇಲೆ ಬಂದೆವು. ಕಬ್ಬು ಕಡಿಯುವ ಕಾಲ. ಟ್ರ್ಯಾಕ್ಟರುಗಳ ಹಿಂದೆ ನಮ್ಮ ಬಸ್ಸು ಧೂಳಿನಲ್ಲಿ ತೆವಳಿತು. ಅಕ್ಕ ಸೆರಗು ಮೂಗಿಗೆ ಒತ್ತಿಕೊಂಡಳು. ಮನೆಗೆ ಬಂದ ನಾಲ್ಕನೆಯ ದಿನ ಬೆಳಿಗ್ಗೆ ಕೆಮ್ಮು ಶುರುವಾಯಿತು. ಮಾರಿಷಸ್ಸಿಗೆ ಹೋದ ಮೇಲೆ ಸರಿಹೋಗುತ್ತದೆ ಎಂದು ಇಬ್ಬರೂ ಅಂದುಕೊಂಡೆವು. ಬೇಗ ಕಾಗದಪತ್ರ ಮಾಡಿಸಬೇಕು, ಅಷ್ಟೇ.

ನನ್ನದು ಸರಳವಾಗಿ ಆಯಿತು, ಆಕೆಯದು ಆಗಲಿಲ್ಲ. ಮದುವೆಯಲ್ಲಿ ಆಕೆಯ ಹೆಸರು ಬದಲಿಸಿದ್ದರು. ಶಾಲೆಯ ದಾಖಲೆಯಲ್ಲಿ ಒಂದು ಹೆಸರು, ಆಧಾರ್‌ನಲ್ಲಿ ಇನ್ನೊಂದು. ಆಕೆಯ ತವರಿನ ತಾಲೂಕು ಬೀಳಗಿಗೆ ಎರಡು ಸಲ ಹೋಗಿ ಶಾಲೆಯ ಸರ್ಟಿಫಿಕೇಟು ತಂದೆವು. ಜಮಖಂಡಿಯ ಕೋರ್ಟಿನ ಮುಂದೆ ಟೈಪಿಂಗ್ ಮಾಡುವವರ ಬಳಿ ಕುಳಿತು, ಈ ಎರಡೂ ಹೆಸರಿನವಳು ನಾನೊಬ್ಬಳೇ ಎಂದು ಆಕೆ ಪ್ರಮಾಣಪತ್ರ ಬರೆಸಿದಳು. ಪತ್ರಿಕೆಯಲ್ಲಿ ಅದನ್ನು ಪ್ರಕಟಿಸಬೇಕಾಯಿತು. ಆ ತುಣುಕನ್ನು ಓದಿ ಕೇಳಿಸಿದಾಗ, ಹಳೆಯ ಹೆಸರು ಬಂದಲ್ಲಿ ಇನ್ನೊಮ್ಮೆ ಓದು ಎಂದಳು. ಈ ಓಡಾಟದಲ್ಲಿ ಬಸ್‌ಸ್ಟ್ಯಾಂಡಿನಿಂದ ಕೋರ್ಟಿಗೆ ನಡೆಯುವುದೂ ಆಕೆಗೆ ಕಷ್ಟವಾಗುತ್ತ ಬಂತು. ಆಟೋ ಹಿಡಿಯತೊಡಗಿದೆವು.

ಬೇಸಿಗೆಯಲ್ಲಿ ಬೆಳಗಾವಿಗೆ ವೈದ್ಯಕೀಯ ತಪಾಸಣೆಗೆ ಹೋದೆವು. ನನ್ನದು ಹತ್ತು ನಿಮಿಷದಲ್ಲಿ ಮುಗಿಯಿತು. ಅಕ್ಕನಿಗೆ ಎದೆಯ ಎಕ್ಸ್‌ರೇ ತೆಗೆದು, ಮತ್ತೆ ಒಳಗೆ ಕರೆದು, ಒಂದು ಕೊಳವೆಗೆ ಊದಲು ಹೇಳಿದರು. ಇನ್ನೂ ಊದಿ, ಇನ್ನೂ ಊದಿ ಎಂದು ನರ್ಸ್ ಹೇಳುತ್ತಿದ್ದಳು. ಅಕ್ಕನ ಕೊರಳಿನ ನರಗಳು ಉಬ್ಬಿದವು, ಯಂತ್ರದ ಗೆರೆ ಮೇಲೇರಲಿಲ್ಲ. ಡಾಕ್ಟರು ಏನು ಕೆಲಸ ಎಂದು ಕೇಳಿದರು. ನೇಕಾರಿಕೆ ಎಂದಾಗ ತಲೆಯಾಡಿಸಿದರು. ಶ್ವಾಸಕೋಶದ ಕೆಳಗಿನ ಭಾಗ ಗಟ್ಟಿಯಾಗಿದೆ, ಇದು ಇಂದು ನಿನ್ನೆಯದಲ್ಲ, ಹೋದದ್ದು ತಿರುಗಿ ಬರುವುದಿಲ್ಲ, ಇದ್ದದ್ದನ್ನು ಧೂಳಿನಿಂದ ಕಾಪಾಡಬೇಕು ಎಂದರು. ಹೊರದೇಶದ ಕೆಲಸಕ್ಕೆ ಯೋಗ್ಯಳಲ್ಲ ಎಂದು ಬರೆದರು.

ಬಸ್ಸು ಯರಗಟ್ಟಿ ದಾಟಿತು. ಆಮೇಲೆ ಅಕ್ಕ ಹೇಳಿದಳು: “ನೀ ಹೋಗ. ನಿನ್ನ ಕಾಗದಾ ಎಲ್ಲಾ ಆಗ್ಯಾವ. ಜೋಡಿಗೆ ಮತ್ತೊಬ್ಬಾಕೀನ್ನ ನಾ ತಯಾರ್ ಮಾಡಿ ಕೊಡ್ತೀನಿ.”

ಸುಮ್ಮನೆ ಹೇಳಿದ್ದಲ್ಲ. ಮರುವಾರವೇ ಓಣಿಯ ಒಬ್ಬ ಹೆಣ್ಣುಮಗಳನ್ನು ಕರೆಸಿ ಕೊಂಡಿ ಹಾಕುವುದನ್ನು ಕಲಿಸಲು ಕುಳಿತಳು. ಎಳೆ ಹಿಡಿದು ಕೊಡುತ್ತ, ಕೆಮ್ಮು ಬಂದಾಗ ಎಳೆ ಅಲುಗದಂತೆ ಮುಖ ಆ ಕಡೆ ತಿರುಗಿಸುತ್ತಿದ್ದಳು. ನಾಲ್ಕು ದಿನ ಅದನ್ನು ನೋಡಿದೆ. ಐದನೆಯ ದಿನ ಮ್ಯಾನೇಜರ್‌ಗೆ ಫೋನು ಮಾಡಿ, ಮಾರಿಷಸ್ ಬೇಡ, ಇಬ್ಬರನ್ನೂ ಕುಮಟಾಕ್ಕೇ ಕರೆಸಿಕೊಳ್ಳಿ, ಯಾವ ಷರತ್ತಿಗಾದರೂ ಬರುತ್ತೇವೆ ಎಂದೆ. ಆಕೆಗೆ ಮನಸ್ಸಿತ್ತು. ಆದರೆ ಮಳೆಗಾಲಕ್ಕೆ ರಿಸಾರ್ಟು ಮುಚ್ಚುವ ವಾರ ಅದು. ಕಟ್ಟೆಯ ಮೇಲಿನ ಚಪ್ಪರ ಆಗಲೇ ಬಿಚ್ಚಿದ್ದರು. ಮಳೆ ನಿಂತ ಮೇಲೆ, ದಸರೆಯ ಹೊತ್ತಿಗೆ ಖಂಡಿತ ಬನ್ನಿ ಎಂದಳು.

ನನ್ನ ಗಂಡನಿಗೆ ಡಾಕ್ಟರು ಹೇಳಿದ್ದನ್ನೆಲ್ಲ ಹೇಳಿದೆ. ಅವರು ಮರುದಿನ ಅಕ್ಕನ ಕೋಣೆಗೆ ಹತ್ತಿರವಿದ್ದ ಎರಡು ಪವರ್‌ಲೂಮ್ ನಿಲ್ಲಿಸಿದರು, ನಡುವಿನ ಬಾಗಿಲಿಗೆ ದಪ್ಪ ಪರದೆ ಕಟ್ಟಿ ದಿನಕ್ಕೆ ಮೂರು ಸಲ ನೀರು ಚಿಮುಕಿಸಿದರು. “ವೈನಿ, ಇನ್ನೇನ್ ಮಾಡ್ಲಿ ಹೇಳ್ರಿ,” ಎಂದು ಅತ್ತಿಗೆಯನ್ನು ಕೇಳಿದರು. ಅಕ್ಕ, ಇಷ್ಟು ಮಾಡೀರಲ್ಲ ಸಾಕು ಎಂದಳು. ಮನೆಯಿಂದ ಕೂದಲಂಥ ಹತ್ತಿಯ ಎಳೆ ಹೋಗಲಿಲ್ಲ. ಮೂವತ್ತು ವರ್ಷದ ಧೂಳು ಗೋಡೆಯಲ್ಲಿಯೇ ಇತ್ತು.

ಶ್ರಾವಣದಲ್ಲಿ ಜ್ವರ ಬಂತು. ಮೂರನೆಯ ದಿನ ಉಸಿರು ಏರಿ, ಜಮಖಂಡಿಯ ದವಾಖಾನೆಗೆ ಸೇರಿಸಿ ಆಕ್ಸಿಜನ್ ಹಚ್ಚಿದರು. ನಾನು ಮಗ್ಗುಲಿಗೆ ಇದ್ದೆ. ಎರಡನೆಯ ದಿನ ಮಧ್ಯಾಹ್ನ ಆಕೆ ಕೊಂಚ ಸಮಾಧಾನವಾಗಿದ್ದಳು. ಮಾಸ್ಕು ಸರಿಸಿ, ದಸರೆಗೆ ಹೋಗುವಾಗ ಮಗ್ಗದ ಹಾಸಿನ ನೂಲಿಗೆ ಯಾವ ಬಣ್ಣ ಹಾಕಿಸೋಣ ಎಂದು ಕೇಳಿದಳು. ನನಗೆ ತಡೆಯಲಾಗಲಿಲ್ಲ. ಎಲ್ಲ ಹೇಳಿಬಿಟ್ಟೆ: ಅಲ್ಲಿ ಇನ್ನೊಂದು ತಿಂಗಳು ಇರ್ರಿ ಅಂದಿದ್ದರು, ಸಂಜೆಯ ತನಕ ಹೊತ್ತು ಕೊಟ್ಟಿದ್ದರು, ನಾನು ನಿನ್ನನ್ನು ಕೇಳಲಿಲ್ಲ.

ಆಕೆ ನನ್ನನ್ನೇ ನೋಡಿದಳು.

“ಇನ್ನೊಂದ್ ತಿಂಗಳಾ?” ಎಂದಳು.

ಹೂಂ ಎಂದೆ. ಮಾಸ್ಕು ಹಾಕಿಕೊಂಡು ಗೋಡೆಯ ಕಡೆ ತಿರುಗಿದಳು. ಮಗಳು ಊಟದ ಡಬ್ಬಿ ತಂದಳು, ಡಾಕ್ಟರು ಬಂದು ಹೋದರು, ಆಕೆ ತಿರುಗಲಿಲ್ಲ. ಕ್ಷಮಿಸು ಎಂದು ನಾನು ಎರಡು ಸಲ ಹೇಳಿದೆ. ಸಂಜೆ ನರ್ಸ್ ಚಹಾ ತಂದಾಗ ಎದ್ದು ಕುಳಿತಳು. ಅರ್ಧ ಲೋಟ ಕುಡಿದು ಉಳಿದದ್ದನ್ನು ನನಗೆ ಕೊಟ್ಟಳು.

“ನೀ ಕೇಳಿದ್ರ ಇರ್ತೀನಿ ಅಂತಿದ್ದೆ,” ಎಂದಳು. “ನೀ ಮನೀಗ್ ಹೋಗು, ನಾ ಒಬ್ಬಾಕೀನ ಇರ್ತೀನಿ ಅಂತಿದ್ದೆ.”

ನನಗೆ ಅದು ಹೊಳೆದೇ ಇರಲಿಲ್ಲ. ಇದ್ದರೆ ಇಬ್ಬರೂ ಇರಬೇಕು, ಬಂದರೆ ಇಬ್ಬರೂ ಬರಬೇಕು ಎಂದಷ್ಟೇ ನಾನು ಎಣಿಸಿದ್ದೆ. ಆಕೆ ಒಬ್ಬಳೇ ಒಂದು ತಿಂಗಳು ಅಲ್ಲಿ, ಬೆಳಿಗ್ಗೆ ಬಂಡೆಯ ತನಕ ನಡೆದು, ಮಗ್ಗದ ಮೇಲೆ ಕುಳಿತು, ತನ್ನ ಮನಸ್ಸಿಗೆ ಬಂದಂತೆ ಇರಬಹುದಿತ್ತು ಎಂಬುದನ್ನು ಆಕೆ ಮಧ್ಯಾಹ್ನವಿಡೀ ಗೋಡೆ ನೋಡುತ್ತ ಯೋಚಿಸಿದ್ದಳು.

ಮುಂದಿನ ದಿನಗಳಲ್ಲಿ ನನ್ನ ಮೇಲೆ ಸಿಟ್ಟು ತೋರಿಸಲಿಲ್ಲ. ಬೆನ್ನು ತಿಕ್ಕು ಎನ್ನುತ್ತಿದ್ದಳು, ಮಗಳ ಕಾಲೇಜಿನ ಸುದ್ದಿ ಕೇಳುತ್ತಿದ್ದಳು. ಹಾಸಿನ ಬಣ್ಣದ ಮಾತು ಮಾತ್ರ ಮತ್ತೆ ತೆಗೆಯಲಿಲ್ಲ. ಹನ್ನೊಂದನೆಯ ದಿನ ಬೆಳಿಗ್ಗೆ, ನಾನು ಆಕೆಯ ಕೂದಲು ಬಾಚುತ್ತಿದ್ದಾಗ, ತಲೆ ನನ್ನ ಕೈಗೆ ಭಾರವಾಯಿತು.

ಆ ಒಂದು ತಿಂಗಳು ಅಲ್ಲಿದ್ದಿದ್ದರೆ ಉಳಿಯುತ್ತಿದ್ದಳೇ ಎಂದು ಆಮೇಲೆ ಡಾಕ್ಟರನ್ನು ಕೇಳಿದ್ದೇನೆ. ಒಂದು ತಿಂಗಳಿನಿಂದ ಎದೆ ಬದಲಾಗುವುದಿಲ್ಲ ಎಂದರು. ಸಮಾಧಾನಕ್ಕೆ ಹೇಳಿದರೋ, ಖರೆಯೋ ಗೊತ್ತಿಲ್ಲ. ಖರೆಯೇ ಇರಬೇಕು. ನಾನು ಕೇಳಬೇಕಾದದ್ದು ಡಾಕ್ಟರನ್ನಲ್ಲ, ಆ ಹೊತ್ತೂ ಹೋಗಿದೆ.

ದಸರೆ ಕಳೆದ ಮೇಲೆ ಮ್ಯಾನೇಜರ್ ಫೋನು ಮಾಡಿದಳು. ನನ್ನ ಗಂಡ ಆಕೆಗೆ ಸುದ್ದಿ ತಿಳಿಸಿದ್ದರು. ಬಹಳ ಹೊತ್ತು ಅಕ್ಕನ ಬಗ್ಗೆ ಮಾತಾಡಿದಳು, ಬಡಗಿ ಮಾಡಿದ ಕಟ್ಟೆಯನ್ನು ಹಾಗೇ ಇಟ್ಟಿದ್ದೇವೆ ಎಂದಳು. ಮಾರಿಷಸ್ಸಿನ ಜಾಗ ಇನ್ನೂ ಖಾಲಿ ಇದೆ, ಅಕ್ಕ ಕಲಿಸಿದ ಆ ಹೆಣ್ಣುಮಗಳನ್ನು ಕರೆದುಕೊಂಡು ನೀವು ಹೋಗಬಹುದು, ಅಕ್ಕನಿಗೂ ಅದೇ ಬೇಕಿತ್ತಲ್ಲವೇ ಎಂದಳು. ನನ್ನ ಗಂಡನೂ ಹೋಗು ಎಂದಿದ್ದರು. ಮಗಳೂ. ಯಾರ ಅಡ್ಡಿಯೂ ಇರಲಿಲ್ಲ. ನಾನು ಬರುವುದಿಲ್ಲ ಎಂದೆ. ಯಾಕೆ ಎಂದು ಆಕೆ ಮೆಲ್ಲಗೆ ಕೇಳಿದಳು. ಬೇರೆ ಏನಾದರೂ ಹೇಳಬಹುದಿತ್ತು, ಆ ಸಂಜೆ ಅಕ್ಕನನ್ನು ಕೇಳದೆಯೇ ಆಗುವುದಿಲ್ಲ ಎಂದಿದ್ದನ್ನೇ ಹೇಳಿದೆ.



“ನೀವಿಬ್ಬರೂ ಮಾತಾಡಿಕೊಂಡು ಬಂದು ಹೇಳಿದಿರಿ ಅಂದ್ಕೊಂಡಿದ್ದೆ,” ಎಂದಳು.

“ಇಲ್ರೀ,” ಎಂದೆ. “ಮಾತಾಡಿರ್ಲಿಲ್ಲ.”